ಐವತ್ತಕ್ಕೆ ಐವತ್ತು

ಆ ದಿನ ಏನೇನು ಕೆಡಬಹುದು ಎಂದು ನಾನು ಒಂದು ವಾರ ಮೊದಲೇ ಪಟ್ಟಿ ಮಾಡಿಟ್ಟಿದ್ದೆ. ನಡಾವಳಿ ಪುಸ್ತಕ ಹಳೇಬೀಡಿನ ಕೆರೆಗೆ ಬೀಳಬಹುದು. ತಾನಾಗಿ ಬೀಳದಿದ್ದರೆ ಯಾರಾದರೂ ಎಸೆಯಬಹುದು. ನನ್ನ ಪೆನ್ನು ನಿಂತುಹೋಗಬಹುದು. ಜೇಬಿನಲ್ಲಿರುವ ಎರಡನೆಯ ಪೆನ್ನೂ ನಿಲ್ಲಬಹುದು. ಹೋಟೆಲಿನವರಿಂದ ಕಡ ತಂದ ಪೆನ್ನಿನಲ್ಲಿ ಹಸಿರು ಶಾಯಿ ಇದ್ದು, ಅದು ದೊಡ್ಡ ಅಧಿಕಾರಿಗಳಿಗೆ ಮಾತ್ರ ಸಲ್ಲತಕ್ಕದ್ದು ಎಂದು ಮಾವ ಆಕ್ಷೇಪ ಎತ್ತಬಹುದು. ದೊಡ್ಡಮ್ಮ ಮಾವನಿಗೆ ಹೊಡೆಯಬಹುದು. ಅದನ್ನು ನಡಾವಳಿಯಲ್ಲಿ ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂದು ನನಗೆ ಗೊತ್ತಾಗದೆ ಹೋಗಬಹುದು. ನನ್ನ ರಕ್ತದೊತ್ತಡ ಏರಬಹುದು, ಇಳಿಯಬಹುದು, ಅಥವಾ ಎರಡೂ ಮಾಡದೆ ಸುಮ್ಮನಿರಬಹುದು. ಅದೂ ಒಳ್ಳೆಯ ಲಕ್ಷಣವಲ್ಲ ಎಂದು ಎಲ್ಲೋ ಓದಿದ್ದೇನೆ! ಇನ್ನು ಪಟ್ಟಿಯ ಕೊನೆಯಲ್ಲಿ, ಬರೆಯಲು ಮನಸ್ಸಿಲ್ಲದೆ ಚಿಕ್ಕ ಅಕ್ಷರದಲ್ಲಿ ಬರೆದದ್ದು: ಮಾವನ ಗಿರಣಿ ಅವತ್ತಿಗೆ ಶಾಶ್ವತವಾಗಿ ಮುಚ್ಚಿಹೋಗಬಹುದು.

ಇಷ್ಟೆಲ್ಲ ಚಿಂತೆ ಯಾತಕ್ಕೆ ಅಂತೀರಾ? ಇಬ್ಬರೇ ಇಬ್ಬರು ಷೇರುದಾರರಿರುವ ಒಂದು ಕಂಪನಿಯ ವಾರ್ಷಿಕ ಮಹಾಸಭೆಗೆ!

ನನ್ನ ಸೋದರಮಾವನಂಥ ಮನುಷ್ಯ ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅವರಿಬ್ಬರೂ ಸೇರಿ ಒಂದು ಕಂಪನಿ ಕಟ್ಟುತ್ತಿದ್ದರು, ತಾಲ್ಲೂಕು ಉಳಿಯುತ್ತಿರಲಿಲ್ಲ. ಇಬ್ಬರು ಷೇರುದಾರರ ಸಭೆಗೆ ಮೈಕು ಬಾಡಿಗೆಗೆ ತಂದವರು ಅವರು. "ಎದುರಿಗೆ ಕೂತಿರೋ ನಿಮ್ಮಕ್ಕನಿಗೆ ಮೈಕ್ ಯಾಕೆ ಮಾವ?" ಎಂದು ಕೇಳಿದರೆ, "ಕೇಳಿಸಲಿಲ್ಲ ಅಂತ ನಾಳೆ ಕೋರ್ಟಲ್ಲಿ ಹೇಳಬಾರದು ನೋಡು" ಎಂದರು. ದೊಡ್ಡಮ್ಮ ಆ ಮೈಕನ್ನು ಕಿತ್ತುಕೊಂಡು, "ಕೇಳಿಸ್ತೈತೆ, ಒಪ್ಪಿಗೆ ಇಲ್ಲ" ಎಂದು ಹೇಳಿ, ಆಫ್ ಮಾಡಿ ವಾಪಸ್ ಕೊಟ್ಟರು. ಆ ವರ್ಷದ ಸಭೆ ಅಷ್ಟೇ.

ಹಿನ್ನೆಲೆ ಹೇಳದೆ ಮುಂದೆ ಹೋದರೆ ನಿಮಗೂ ನನ್ನಂತೆ ತಲೆ ಸುತ್ತುತ್ತದೆ. ನನ್ನ ತಾಯಿಯ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಎಣ್ಣೆಯ ಗಿರಣಿ ಇಟ್ಟಿದ್ದರು. ಯಾರೋ ಹೇಳಿದರೆಂದು ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಕಾಲವಾಗುವ ಮುಂಚೆ ನೂರು ಷೇರುಗಳನ್ನು ಸರಿಯಾಗಿ ಹಂಚಿದರು. ಹಿರಿಮಗಳಿಗೆ, ಅಂದರೆ ಬೇಲೂರಿಗೆ ಕೊಟ್ಟ ನನ್ನ ದೊಡ್ಡಮ್ಮನಿಗೆ, ಐವತ್ತು. ಗಿರಣಿ ನಡೆಸುವ ಮಗನಿಗೆ, ಅಂದರೆ ಮಾವನಿಗೆ, ಐವತ್ತು. ಸಮ ಪಾಲು ಕೊಟ್ಟರೆ ಜಗಳ ಬರುವುದಿಲ್ಲ ಎಂದು ಅಜ್ಜ ನಂಬಿದ್ದರು. ಪಾಪ, ತೆಂಗಿನಕಾಯಿ ವ್ಯವಹಾರ ಮಾಡಿದವರು, ಯಾವುದನ್ನೇ ಆಗಲಿ ನಡುವೆ ಒಡೆದರೆ ಎರಡು ಹೋಳಾಗುತ್ತದೆ ಎಂದಷ್ಟೇ ಗೊತ್ತಿತ್ತು. ಮೂರನೆಯವಳಾದ ನನ್ನಮ್ಮನಿಗೆ ಷೇರಿನ ಬದಲು ಎರಡೆಳೆ ಸರ ಕೊಟ್ಟರು. ಆ ಸರ ಇವತ್ತಿನವರೆಗೆ ಯಾರ ಪ್ರಸ್ತಾವನೆಯನ್ನೂ ವಿರೋಧಿಸಿಲ್ಲ.

ಷೇರಿಲ್ಲದವಳ ಮಗ ಎಂಬ ಒಂದೇ ಅರ್ಹತೆಯ ಮೇಲೆ ನಾನು ಕಂಪನಿಯ ಸಂಬಳವಿಲ್ಲದ ಕಾರ್ಯದರ್ಶಿಯಾದೆ. ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ಇಪ್ಪತ್ತು ವರ್ಷ ಫೈಲು ಹೊತ್ತವನು, ಇದೇನು ಮಹಾ ಎಂದುಕೊಂಡೆ. ನನ್ನ ಜೀವಮಾನದ ತಪ್ಪು ಲೆಕ್ಕಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಎರಡನೆಯದು ಮದುವೆಯಲ್ಲಿ ಮೀಸೆ ತೆಗೆಸಿದ್ದು.

ನಮ್ಮ ಕಂಪನಿಯ ಮತದಾನದ ಪದ್ಧತಿ ನಿಮಗೆ ಬೇರೆಲ್ಲೂ ಸಿಗುವುದಿಲ್ಲ. ಕೈ ಎತ್ತುವಂತಿಲ್ಲ. ಅಜ್ಜನ ಕಾಲದಲ್ಲಿ ಒಮ್ಮೆ ಮಾವ ತಲೆ ಕೆರೆದುಕೊಳ್ಳಲು ಕೈ ಎತ್ತಿ, ಅದು ಒಪ್ಪಿಗೆ ಎಂದು ಎಣಿಕೆಯಾಗಿ, ಗಿರಣಿಗೆ ಬೇಡದ ತಕ್ಕಡಿಯೊಂದು ಬಂದುಬಿಟ್ಟಿತ್ತಂತೆ. ಅಂದಿನಿಂದ ಅಜ್ಜ ಕೊಬ್ಬರಿಯ ಪದ್ಧತಿ ತಂದರು. ಒಂದು ಉಂಡೆ ಕೊಬ್ಬರಿಯನ್ನು ಎರಡಾಗಿ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಅಂಗಾತ ಇಟ್ಟರೆ ಒಪ್ಪಿಗೆ. ಬೋರಲು ಹಾಕಿದರೆ ವಿರೋಧ. ಸೀಳುವುದು ಕಾರ್ಯದರ್ಶಿಯ ಕೆಲಸ. ಎರಡು ಹೋಳೂ ಸಮ ಇರಬೇಕು, ಇಲ್ಲದಿದ್ದರೆ "ಆಯಮ್ಮನ ಮತ ದಪ್ಪ ಐತಲ್ಲಾ" ಎಂದು ಮಾವ ತಕರಾರು ತೆಗೆಯುತ್ತಾರೆ. ಸಭೆ ಮುಗಿದ ಮೇಲೆ ಮತಗಳನ್ನು ಬೆಲ್ಲದ ಜೊತೆ ತಿನ್ನುತ್ತೇವೆ. ಮರುಎಣಿಕೆಗೆ ಅವಕಾಶವೇ ಇಲ್ಲ!

ಹಾಸನದಲ್ಲಿರುವ ನಮ್ಮ ಲೆಕ್ಕ ಪರಿಶೋಧಕರು ಒಮ್ಮೆ, "ಎರಡು ಕಡೆಯೂ ಸಮಸಮ ಮತ ಬಂದರೆ ಸಭಾಧ್ಯಕ್ಷರು ಇನ್ನೊಂದು ನಿರ್ಣಾಯಕ ಮತ ಹಾಕಬಹುದು" ಎಂದು ಬಾಯಿ ತಪ್ಪಿ ಹೇಳಿಬಿಟ್ಟರು. ಸರಿ, ಸಭಾಧ್ಯಕ್ಷರು ಯಾರು? ಮತಕ್ಕೆ ಹಾಕಿದೆವು. ಒಂದು ಅಂಗಾತ, ಒಂದು ಬೋರಲು. ಕೊನೆಗೆ ಅರ್ಧ ಗಂಟೆ ಮಾವ, ಅರ್ಧ ಗಂಟೆ ದೊಡ್ಡಮ್ಮ ಅಧ್ಯಕ್ಷತೆ ವಹಿಸುವುದೆಂದಾಯಿತು. ಮೊದಲ ಅರ್ಧ ಗಂಟೆಯಲ್ಲಿ ಮಾವ ಒಂಬತ್ತು ನಿರ್ಣಯಗಳನ್ನು ಪಾಸು ಮಾಡಿದರು. ಎರಡನೆಯ ಅರ್ಧ ಗಂಟೆಯಲ್ಲಿ ದೊಡ್ಡಮ್ಮ ಒಂಬತ್ತನ್ನೂ ರದ್ದು ಮಾಡಿ, ಉಳಿದ ಸಮಯದಲ್ಲಿ ಒಂದು ಕಾಫಿ ಕುಡಿದರು. ಮರುವರ್ಷದಿಂದ ಅಧ್ಯಕ್ಷರ ಕುರ್ಚಿ ಖಾಲಿ. ಅದರ ಮೇಲೆ ನನ್ನ ಕೈಚೀಲ ಇಡುತ್ತೇನೆ. ನಮ್ಮ ಕಂಪನಿ ಕಂಡ ಅಧ್ಯಕ್ಷರಲ್ಲಿ ಅದೇ ಅತ್ಯಂತ ನಿಷ್ಪಕ್ಷಪಾತಿ.

ಸಭೆ ಎಲ್ಲಿ ಸೇರಬೇಕು ಎನ್ನುವುದೂ ಸಾಮಾನ್ಯ ಪ್ರಶ್ನೆಯಲ್ಲ. ಕಂಪನಿಯ ಕಚೇರಿ ಅರಸೀಕೆರೆಯಲ್ಲಿ. "ಅವನ ಗಿರಣಿಗೆ ನಾನ್ಯಾಕೆ ಹೋಗ್ಲಿ? ಅಲ್ಲಿ ನೊಣ ಕೂಡ ಅವನ ಕಡೆ" ಎಂದು ದೊಡ್ಡಮ್ಮ. ಬೇಲೂರಿನ ಅಕ್ಕನ ಮನೆಗೆ ಹೋಗಲು ಮಾವ ತಯಾರಿಲ್ಲ. "ಊಟ ಹಾಕಿ ಮೆತ್ತಗೆ ಮಾಡ್ತಾಳೆ." ಆದ್ದರಿಂದ ನಡುವಿನ ಹಳೇಬೀಡು ತಟಸ್ಥ ಭೂಮಿ ಎಂದು ತೀರ್ಮಾನವಾಯಿತು. ಊರು ಬಿಟ್ಟು ಸಭೆ ಸೇರಲು ಎಲ್ಲ ಷೇರುದಾರರ ಲಿಖಿತ ಒಪ್ಪಿಗೆ ಬೇಕಂತೆ. ಇಬ್ಬರೂ ಒಂದೇ ಏಟಿಗೆ ರುಜು ಹಾಕಿದರು. ಅಜ್ಜ ಹೋದ ಮೇಲಿನ ಏಳು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಏಕೈಕ ವಿಷಯ, ಎಲ್ಲಿ ಜಗಳ ಆಡಬೇಕು ಎನ್ನುವುದು!

ಬಸ್ ನಿಲ್ದಾಣದ ಹಿಂದಿನ ಸಣ್ಣ ಹೋಟೆಲಿನ ಒಳಕೋಣೆಯೇ ನಮ್ಮ ಸಭಾಂಗಣ. ಒಂದು ಗೋಡೆಗೆ ಗ್ಯಾಸ್ ಸಿಲಿಂಡರುಗಳು, ಇನ್ನೊಂದು ಗೋಡೆಗೆ ಷೇರುದಾರರು. ಯಾವುದು ಮೊದಲು ಸಿಡಿಯುತ್ತದೋ ಎಂದು ನಾನು ಬಾಗಿಲ ಬಳಿಯೇ ಕೂರುತ್ತೇನೆ. ಒಮ್ಮೆ ದೇವಸ್ಥಾನ ತೋರಿಸುವ ಗೈಡೊಬ್ಬ ಕೂಗಾಟ ಕೇಳಿ ಇಣುಕಿ ನೋಡಿ, "ಏನ್ ಸಾರ್, ಆಸ್ತಿ ಪಂಚಾಯ್ತಿನಾ?" ಎಂದ. ಮಾವ ಗಂಭೀರವಾಗಿ, "ಇಲ್ಲ, ಮಹಾಸಭೆ" ಎಂದರು. ಅವನು ಮೂವರನ್ನೂ ಎಣಿಸಿ, "ಮಹಾ ಎಲ್ಲೈತೆ?" ಎಂದು ಕೇಳಿ ಹೋದ.

ಮಾವನ ವಿಶೇಷವೆಂದರೆ ಅವರೊಳಗೆ ಇಬ್ಬರು ಇದ್ದಾರೆ. ಒಬ್ಬರು ತಮ್ಮ, ಇನ್ನೊಬ್ಬರು ಷೇರುದಾರ. ಇಬ್ಬರಿಗೂ ಪರಸ್ಪರ ಪರಿಚಯವಿದ್ದಂತಿಲ್ಲ. ಸಭೆಯ ನಡುವೆ, "ಗೌರವಾನ್ವಿತ ಷೇರುದಾರರ ಆಕ್ಷೇಪಣೆಯು ನಿರಾಧಾರವೂ ದುರುದ್ದೇಶಪೂರಿತವೂ ಆಗಿರುತ್ತದೆ" ಎಂದು ಓದಿ, ಹಾಳೆ ಮಡಚಿ, ಅದೇ ಉಸಿರಿನಲ್ಲಿ, "ಅಕ್ಕಾ, ಮಂಡಿಗೆ ಆ ಎಣ್ಣೆ ಹಚ್ಚಿದ್ಯಾ? ಬಿಸಿ ಮಾಡಿ ಹಚ್ಬೇಕು ಕಣೇ" ಎನ್ನುತ್ತಾರೆ.

ಕಂಪನಿ ಕಾನೂನಿನ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ದಿನಾ ಪಾರಾಯಣ ಮಾಡುವವರು ಅವರು. ಅದರ ಪ್ರಭಾವ ಮನೆಗೂ ಹರಡಿದೆ. ಒಮ್ಮೆ ನಮ್ಮತ್ತೆ, "ನಾಳೆಯಿಂದ ಬೆಳಿಗ್ಗೆ ರೊಟ್ಟಿ ಬದಲು ಉಪ್ಪಿಟ್ಟು ಮಾಡ್ತೀನಿ" ಎಂದರೆ, "ಮೊದಲು ಪ್ರಸ್ತಾವನೆ ಮಂಡಿಸು, ಅನುಮೋದಕರು ಯಾರು?" ಎಂದು ಕೇಳಿದರಂತೆ. ಅತ್ತೆ ಉಪ್ಪಿಟ್ಟು ಮಾಡಿ ತಟ್ಟೆಗೆ ಬಡಿಸಿ, "ತಿಂದವರೇ ಅನುಮೋದಕರು" ಎಂದರು. ಕಾನೂನು ಓದದವರಿಗೆ ಕಾನೂನು ಚೆನ್ನಾಗಿ ಗೊತ್ತಿರುತ್ತದೆ.

ಆದರೆ ಗೌರಿಹಬ್ಬದ ಪ್ರಸಂಗಕ್ಕೆ ಸಾಟಿ ಇಲ್ಲ. ಪ್ರತಿವರ್ಷ ಮಾವ ಅಕ್ಕನಿಗೆ ತವರಿನ ಬಾಗಿನ ಕೊಡಲು ಬೇಲೂರಿಗೆ ಹೋಗುತ್ತಾರೆ. ಅದು ತಮ್ಮನ ಕೆಲಸ, ಷೇರುದಾರನದಲ್ಲ; ಹಾಗಾಗಿ ಊಟಕ್ಕೆ ಅಡ್ಡಿಯಿಲ್ಲ. ಒಂದು ವರ್ಷ ಅಂಚೆ ಖರ್ಚು ಉಳಿಸೋಣವೆಂದು ಮೊರದೊಳಗೆ ಬಳೆ, ಅರಿಶಿನ, ಕುಂಕುಮದ ಜೊತೆ ಮಹಾಸಭೆಯ ನೋಟೀಸನ್ನೂ ಮಡಚಿ ಇಟ್ಟರು. ದೊಡ್ಡಮ್ಮ ಬಾಗಿನ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು, ನೋಟೀಸು ಮಾತ್ರ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟರು. "ಕ್ರಮಪ್ರಕಾರ ಪೋಸ್ಟಲ್ಲಿ ಬರ್ಲಿ. ಗೌರಮ್ಮ ಏನು ನಿನ್ನ ಜವಾನಳಾ?"

ಮಾವನಿಗೆ ಅವಮಾನವಾಯಿತು. ಮರುವರ್ಷ ದಿನ ಲೆಕ್ಕ ಹಾಕಿ ಎಷ್ಟು ಕರಾರುವಾಕ್ಕಾಗಿ ಅಂಚೆಗೆ ಹಾಕಿದರೆಂದರೆ, ಗೌರಿಹಬ್ಬದ ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಒಬ್ಬಟ್ಟು ತಿನ್ನುತ್ತ ಕೂತಿದ್ದಾಗ ಪೋಸ್ಟ್‌ಮನ್ ಬಂದ. ಎಂಜಲು ಕೈಯಲ್ಲೇ ಎದ್ದು, "ಅಕ್ಕಾ, ನಿಂಗೆ ಪೋಸ್ಟು! ರುಜು ಮಾಡು ಬಾ" ಎಂದು ಕೂಗಿದವರು ಇವರೇ. ದೊಡ್ಡಮ್ಮ ರುಜು ಮಾಡಿ, ಒಡೆದು, ಮೂರು ಪುಟ ನಿಂತುಕೊಂಡೇ ಓದಿದರು. ಆಮೇಲೆ ಒಳಗೆ ಹೋಗಿ ತುಪ್ಪದ ಬಟ್ಟಲು ತಂದು ಅವರ ಒಬ್ಬಟ್ಟಿನ ಮೇಲೆ ಇನ್ನೊಂದು ಚಮಚ ಸುರಿದು, "ತಿನ್ನು, ತಿನ್ನು. ನಾಕನೇ ಐಟಂಗೆ ನಂದು ವಿರೋಧ ಐತೆ" ಎಂದರು.

ಹಾಗೆಯೇ ಪ್ರಯಾಣ ಭತ್ಯೆಯ ಪ್ರಕರಣ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡ ಎಂದಾದ ಮೇಲೆ ಮಾವ, "ಚಿಲ್ಲರೆಯನ್ನೇ ಕೊಡದ ಪ್ರಯಾಣಕ್ಕೆ ಕಂಪನಿ ಭತ್ಯೆ ಯಾಕೆ?" ಎಂದು ಪ್ರಶ್ನೆ ಎತ್ತಿದರು. "ಬಸ್ಸು ಫ್ರೀ ಕಣಪ್ಪ, ನನ್ನ ಸೊಂಟ ಫ್ರೀನಾ? ಬೇಲೂರಿಂದ ಇಲ್ಲಿಗಂಟ ನಿಂತ್ಕಂಡು ಬಂದಿದ್ದೀನಿ!" ಎಂದು ದೊಡ್ಡಮ್ಮ. ಮತಕ್ಕೆ ಹಾಕಿದೆವು. ಸಮಸಮ. ಆದ್ದರಿಂದ ಯಾರಿಗೂ ಭತ್ಯೆ ಇಲ್ಲ. ಇದರಲ್ಲಿ ನಿಜವಾಗಿ ಕೈಸುಟ್ಟುಕೊಂಡವನು ಟಿಕೆಟ್ ಕೊಂಡು ಬಂದ ಕಾರ್ಯದರ್ಶಿ. ಅವನಿಗೆ ಮತವೂ ಇಲ್ಲ, ಬಟ್ಟಲೂ ಇಲ್ಲ.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಏಳು ವರ್ಷವೂ ಮೇಲಿಂದ ಮೇಲೆ ಬಿದ್ದುಹೋದ ಒಂದು ಪ್ರಸ್ತಾವನೆಯಿತ್ತು: ಗಿರಣಿಗೆ ಎಣ್ಣೆ ತೆಗೆಯುವ ಹೊಸ ಯಂತ್ರ ಕೊಳ್ಳುವುದು. ಹಳೆಯದು ಅಜ್ಜನ ಕಾಲದ್ದು. ಕಂಪನಿಯ ಜಾಗ ಅಡವಿಟ್ಟೇ ಹೊಸದು ತರಬೇಕು, ಅದಕ್ಕೆ ಇಬ್ಬರ ರುಜುವೂ ಬೇಕು. "ತೆಂಗು ಬೆಳೆದೋರೆಲ್ಲ ಉಂಡೆ ಕೊಬ್ಬರೀನೇ ಮಾರ್ತಾವ್ರೆ, ನಿನ್ನ ಹತ್ರ ಅರೆಸೋಕೆ ಯಾವನು ಬತ್ತಾನೆ? ಮುಚ್ಚು" ಎಂಬುದು ದೊಡ್ಡಮ್ಮನ ವಾದ. ವಾದ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. "ಅಪ್ಪನ ಗಿರಣಿ" ಎಂಬುದು ಮಾವನ ವಾದ. ಅದು ವಾದವೇ ಅಲ್ಲ, ಆದರೆ ಅದಕ್ಕೆ ಉತ್ತರವೂ ಇಲ್ಲ.

ಈ ವರ್ಷ ಹಳೆಯ ಯಂತ್ರ ನಿಂತೇಹೋಯಿತು. ಫಿಟ್ಟರ್ ಬಂದು, ಎಲ್ಲ ಬಿಚ್ಚಿ, ಮತ್ತೆ ಜೋಡಿಸುವ ಗೋಜಿಗೂ ಹೋಗದೆ ಕೈ ಒರೆಸಿಕೊಂಡ. ಹೊಸದು ಬಂದರೆ ಗಿರಣಿ ಉಂಟು, ಇಲ್ಲದಿದ್ದರೆ ಬೀಗ. ನಾನು ನೋಡಲು ಹೋದಾಗ ಮಾವ ನಿಶ್ಶಬ್ದವಾದ ಗಿರಣಿಯಲ್ಲಿ ಸ್ಟೂಲಿನ ಮೇಲೆ ಕೂತು ನನ್ನೊಡನೆ ಕಿರುಚಿ ಕಿರುಚಿ ಮಾತಾಡಿದರು. ನಲವತ್ತು ವರ್ಷ ಆ ಯಂತ್ರದ ಸದ್ದಿನ ಮೇಲೆ ಮಾತಾಡಿದ ಗಂಟಲು. ಸದ್ದು ನಿಂತದ್ದು ಗಂಟಲಿಗೆ ಇನ್ನೂ ಗೊತ್ತಾಗಿರಲಿಲ್ಲ.

ಮಾವ ಈ ಸಲ ಹನ್ನೊಂದು ಪುಟದ ಉತ್ತರ ಬರೆದುಕೊಂಡು ಬಂದಿದ್ದರು. ಅಕ್ಕ ಎತ್ತಬಹುದಾದ ಪ್ರತಿ ಆಕ್ಷೇಪಣೆಗೂ ಒಂದೊಂದು ಉತ್ತರ, ಅದರಡಿ ಕೆಂಪು ಗೆರೆ. ನಾನು ಬೆಳಿಗ್ಗೆಯಿಂದ ಎರಡು ಮಾತ್ರೆ ನುಂಗಿದ್ದೆ. ಹೋಟೆಲಿಗೆ ಹೋದರೆ ದೊಡ್ಡಮ್ಮ ಆಗಲೇ ಬಂದು ಕೂತಿದ್ದರು. ಯಾವತ್ತೂ ಕಾಯಿಸುವವರು! ಕಾಫಿ ಬೇಡ ಎಂದರು. ಕಾಫಿಗೆ ಸಕ್ಕರೆ ಕಮ್ಮಿ ಎಂದು ಹೋಟೆಲಿನವರನ್ನು ಬೈಯುವುದರಿಂದಲೇ ಅವರ ಸಭೆ ಶುರುವಾಗುತ್ತಿದ್ದದ್ದು.

ನಾನು ಕೊಬ್ಬರಿ ಸೀಳಿ ಕೊಟ್ಟೆ. "ವಿಷಯ ಒಂದು: ಹೊಸ ಯಂತ್ರವನ್ನು ಖರೀದಿಸುವ ಬಗ್ಗೆ..." ಎಂದು ಓದುತ್ತಿದ್ದಂತೆಯೇ ದೊಡ್ಡಮ್ಮ ತಮ್ಮ ಬಟ್ಟಲನ್ನು ಅಂಗಾತ ಇಟ್ಟರು.

ಮಾವ ಪಕ್ಕದಲ್ಲಿ ತಮ್ಮದನ್ನೂ ಅಂಗಾತ ಇಟ್ಟರು. ಏಳು ವರ್ಷದಲ್ಲಿ ಮೊದಲ ಸಲ ಎರಡು ಬಟ್ಟಲೂ ಆಕಾಶ ನೋಡುತ್ತಿದ್ದವು. ನಾನು ಗಾಬರಿಯಿಂದ ಪೆನ್ನು ಕೆಳಗೆ ಬೀಳಿಸಿದೆ. ಮಾವ ಹನ್ನೊಂದು ಪುಟ ಹಿಡಿದುಕೊಂಡು ಕೂತಿದ್ದರು.

"ನೀವು ಇನ್ನೂ ಆಕ್ಷೇಪಣೆ ಎತ್ತಿಲ್ಲ" ಎಂದರು.

"ಇಲ್ಲ. ನಿನ್ನಿಷ್ಟ ಕಣೋ. ತಗೋ ಮೆಷಿನ್ನು."

"ಬೆಲೆ ಜಾಸ್ತಿ ಆಯ್ತು ಅನ್ಸಲ್ವಾ?"

"ಅನ್ಸುತ್ತೆ."

"ಹಂಗಾದ್ರೆ ಹೇಳು! ಎರಡನೇ ಪುಟದಲ್ಲಿ ಉತ್ತರ ಬರ್ದಿದ್ದೀನಿ."

"ಇರ್ಲಿ ಬಿಡು."

ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಗಿರಣಿ ಗೇಟಿಗೆ ಹಸಿರು ಬಣ್ಣ ಹೊಡೆಸ್ತೀನಿ."

"ಹೊಡ್ಸು."

"ಅಪ್ಪನ ಕುರ್ಚಿ ಮನೆಗೆ ತಗಂಡೋಗ್ತೀನಿ!"

"ತಗಂಡೋಗು. ಅದರ ಒಂದು ಕಾಲು ಅಲ್ಲಾಡ್ತದೆ, ನೋಡ್ಕೊಂಡು ಕೂತ್ಕೋ."

ಆ ಕುರ್ಚಿಗಾಗಿ ಎರಡು ಇಡೀ ಸಭೆಗಳನ್ನು ನಾನು ಬರೆದಿದ್ದೇನೆ. ಮಾವ ನನ್ನ ಮುಖ ನೋಡಿದರು. ನಾನು ಸಿಲಿಂಡರ್ ನೋಡಿದೆ. ದೊಡ್ಡಮ್ಮ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟು, "ಎಲ್ಲೆಲ್ಲಿ ರುಜು ಬೇಕೋ ಇವತ್ತೇ ಹಾಕ್ಸ್ಕೊಂಬಿಡಿ. ನನ್ನ ಐವತ್ತೂ ಅವನ ಹೆಸರಿಗೇ ಬರ್ಕೊಳ್ಳಪ್ಪ" ಎಂದು ನನಗೆ ಹೇಳಿದರು.

"ಯಾಕೆ?" ಎಂದರು ಮಾವ. ಆ ಕಿರುಚು ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇರುವುದು ನನಗೆ ಗೊತ್ತೇ ಇರಲಿಲ್ಲ.

"ಯಾಕೂ ಇಲ್ಲ ಕಣೋ. ಸೋಮವಾರ ಮೈಸೂರಲ್ಲಿ ಆಪರೇಷನ್ನು. ಎದೆದು. ವಾಲ್ವ್ ಬದಲಾಯಿಸ್ತಾರಂತೆ. ಡಾಕ್ಟ್ರು ಏನೂ ಆಗಲ್ಲ ಅಂದವ್ರೆ. ಆದ್ರೂ ಒಂದ್ಸಲ ಎಲ್ಲ ಸರಿ ಮಾಡ್ಬಿಟ್ಟು ಹೋಗಾನ ಅಂತ."

ಹೊರಗೆ ಯಾರೋ ಎರಡು ಮಸಾಲೆ ದೋಸೆ ಎಂದು ಕೂಗಿದರು. ಮಾವ ಬಹಳ ಹೊತ್ತು ಆ ಹನ್ನೊಂದು ಪುಟಗಳ ಅಂಚನ್ನು ಮೇಜಿಗೆ ಕುಟ್ಟಿ ಕುಟ್ಟಿ ಸರಿ ಮಾಡಿದರು. ಆಮೇಲೆ ಕೈ ಚಾಚಿ ತಮ್ಮ ಬಟ್ಟಲನ್ನು ಬೋರಲು ಹಾಕಿದರು.

"ಬರ್ಕೊ. ಪ್ರಸ್ತಾವನೆಯನ್ನು ಮಂಡಿಸಿದವರೇ ವಿರೋಧಿಸಿರುತ್ತಾರೆ. ನಿರ್ಣಯ ಬಿದ್ದುಹೋಗಿದೆ."

"ಮಾವ, ಗಿರಣಿ..."

"ಬರ್ಕೊಳ್ಳೋ ಅಂದ್ನಲ್ಲ! ಸಭೆಯನ್ನು ಮೂರು ತಿಂಗಳು ಮುಂದೂಡಲಾಗಿದೆ. ಇಬ್ಬರು ಸದಸ್ಯರೂ ಖುದ್ದಾಗಿ ಹಾಜರಿರತಕ್ಕದ್ದು. ಬದಲಿ ಆಸಾಮಿ ನಡೆಯಲ್ಲ, ಕಾಗದ ಪತ್ರ ನಡೆಯಲ್ಲ. ಒಬ್ಬರೇ ಇದ್ರೆ ಅದು ಸಭೆ ಅಲ್ಲ. ಕಾನೂನಲ್ಲೇ ಐತೆ."

ದೊಡ್ಡಮ್ಮ ಅವರನ್ನೇ ನೋಡಿದರು. "ಲೋ ದಡ್ಡ, ಅಲ್ಲಿಗಂಟ ಗಿರಣಿ ತುಕ್ಕು ಹಿಡಿದೋಗ್ತದೆ."

"ಹಿಡೀಲಿ. ನೀನು ಬಂದು ಬಯ್ಯಿ."

"ಗಿರಣಿ ಕೆಲಸದೋರು ಇಬ್ಬರ ಗತಿ?"

"ಅಲ್ಲೀತನಕ ನಾನು ನೋಡ್ಕೊತೀನಿ."

"ಹೆಂಗೆ ನೋಡ್ಕೊತೀಯ? ನಿನ್ನ ತಲೇಲಿ ಇರೋದೆಲ್ಲ ಹಿಂಡಿ!" ದೊಡ್ಡಮ್ಮನ ಕುತ್ತಿಗೆ ಸ್ವಲ್ಪ ನೆಟ್ಟಗಾಯಿತು. ಮೇಜಿನ ಮೇಲಿದ್ದ ತಮ್ಮ ಕಾಗದವನ್ನು ಎಳೆದುಕೊಂಡು ಚೀಲಕ್ಕೆ ತುರುಕಿ, ಒಳಗಿನವರಿಗೆ ಕೂಗಿ ಹೇಳಿದರು: "ಕಾಫಿ ಕೊಡಪ್ಪ. ಸಕ್ಕರೆ ನೆಟ್ಟಗೆ ಹಾಕು."

ಮಾವ ಹೇಳಿದ್ದನ್ನೆಲ್ಲ ನಾನು ಬರೆದೆ. ಅಕ್ಷರ ನನ್ನದೇ ಎಂದು ಈಗ ನೋಡಿದರೆ ನಂಬಿಕೆ ಬರುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಮೂವರೂ ಬಸ್ ನಿಲ್ದಾಣಕ್ಕೆ ಬಂದೆವು. ಪುಸ್ತಕ ಕೆರೆಗೆ ಬೀಳಲಿಲ್ಲ. ಯಾರೂ ಯಾರಿಗೂ ಹೊಡೆಯಲಿಲ್ಲ. ಎರಡೂ ಪೆನ್ನು ಬರೆದವು. ಬೇಲೂರಿನ ಬಸ್ಸು ಬಂತು. ದೊಡ್ಡಮ್ಮ ಕಂಬಿ ಹಿಡಿದು ನಿಧಾನಕ್ಕೆ ಹತ್ತಿದರು. ಮಾವ ಅವರ ಚೀಲ ಕೊಡಲೆಂದು ಹಿಂದೆಯೇ ಹತ್ತಿ, ಚೀಲ ಕೊಟ್ಟು, ಪಕ್ಕದಲ್ಲಿ ಕೂತರು. ಕಂಡಕ್ಟರ್ "ರೈಟ್" ಎಂದ. ಅವತ್ತು ನಡೆದ ತಪ್ಪು ಅದೊಂದೇ: ಅರಸೀಕೆರೆಗೆ ಹೋಗಬೇಕಾದ ಮನುಷ್ಯ ಬೇಲೂರಿನ ಬಸ್ಸಿನಲ್ಲಿ ಕೂತುಬಿಟ್ಟರು. ನಾನು ನೋಡುತ್ತಲೇ ಇದ್ದೆ. ಕೂಗಲಿಲ್ಲ.